ಭಾಗಾಕಾರದಾಗ ಸೊನ್ನಿ ನುಂಗ್ತಾಳ, ಶೇಷ ಉಳದ್ರ ಅಳ್ತಾಳ, ಹೆಂಗ ಕಲಸೂದ್ರಿ?

ಬನಹಟ್ಟಿ ಪಪ್ಪಾ
ನಮಸ್ಕಾರ್ರೀ ಎಲ್ಲಾರಿಗೂ. ಸ್ವಲ್ಪ ಉದ್ದ ಐತಿ, ಪೂರಾ ಓದ್ರಿ. ಮಗಳು ಐದನೇತ್ತೆ, ಇಂಗ್ಲಿಷ್ ಮೀಡಿಯಂ. ಕೂಡಸೂದು, ಕಳಿಯೂದು, ಗುಣಾಕಾರ ಎಲ್ಲಾ ಚಲೋ ಮಾಡ್ತಾಳ, 12ರ ಮಟಾ ಮಗ್ಗಿ ನಿದ್ದಿಗಣ್ಣಾಗ ಎಬ್ಬಿಸಿ ಕೇಳಿದ್ರೂ ಹೇಳ್ತಾಳ. ದೊಡ್ಡ ಭಾಗಾಕಾರ ಬಂತಂದ್ರ ಮಾತ್ರ ಮನ್ಯಾಗ ಮಹಾಭಾರತ. ನಿನ್ನೆ ರಾತ್ರಿ 618ನ್ನ 6ರಿಂದ ಭಾಗಸು ಅಂದೆ, 13 ಅಂತ ಬರದು ಕೆಳಗ ಗೀಟು ಹೊಡದ್ಲು. ಅಲ್ಲವ್ವಾ, 600 ರೂಪಾಯಿ ಆರು ಮಂದಿಗೆ ಹಂಚಿದ್ರ ಒಬ್ಬೊಬ್ಬರಿಗೆ ಬರೇ 13 ರೂಪಾಯಿ ಬರತೈತೇನು ಅಂದ್ರ, "ಪಪ್ಪಾ, ಇದು ರೂಪಾಯಿ ಲೆಕ್ಕ ಅಲ್ಲ, ಡಿವಿಜನ್ ಲೆಕ್ಕ" ಅಂತಾಳ. ಏನ್ ಹೇಳೂದು ಇದಕ್ಕ?

ಇನ್ನೊಂದು, 59ನ್ನ 7ರಿಂದ. ಏಳೇಳ್ಲೆ ನಲವತ್ತೊಂಬತ್ತು ಅಂದ್ಲು, 7 ಬರದ್ಲು, ಶೇಷ 10 ಅಂತ ಇಟ್ಟು ಕಂಪಾಸ್ ಪೆಟಗಿ ಮುಚ್ಚಿದ್ಲು. ಇನ್ನೂ ಒಂದು ಸಲ ಹೋಕ್ಕೈತಲ್ಲ ಅಂದ್ರ ಅಳಾಕ ಚಾಲೂ.

ಮತ್ತ ನಾವು ಕಲ್ತದ್ದು ಎಡಕ್ಕ ಭಾಜಕ, ನಡಕ ಭಾಜ್ಯ, ಬಲಕ್ಕ ಕಂಸದ ಆಚಿಗೆ ಭಾಗಲಬ್ಧ. ಅಕಿ ಸಾಲ್ಯಾಗ ಉತ್ತರ ತಲಿ ಮ್ಯಾಲ ಬರೀತಾರ. ನಾ ಬಲಕ್ಕ ಬರದು ತೋರಿಸಿದ್ರ "ನಿಮ್ದು ಓಲ್ಡ್ ಮೆಥಡ್, ಟೀಚರ್ ರಾಂಗ್ ಹಾಕ್ತಾರ" ಅಂತ ವಹಿ ಕಸ್ಕೊಂತಾಳ. ಕಡೀಕ ನಾನ ಒಂದು ಲೆಕ್ಕ ಮಾಡಿ ಕೊಟ್ಟೆ: 47 ಹುಡುಗರು ಬದಾಮಿ ಗುಹಾ ನೋಡಾಕ ಹೊಂಟಾರ, ಒಂದ ಟಂಟಂದಾಗ 8 ಮಂದಿ, ಎಷ್ಟು ಟಂಟಂ ಬೇಕು? "5 ಆರ್ 7" ಅಂತ ಬರದಾಳ, ಅಂದ್ರ 5, ಶೇಷ 7. 5 ಆರ್ 7 ಟಂಟಂ ಯಾವ ಸ್ಟ್ಯಾಂಡಿನ್ಯಾಗ ಸಿಗತೈತ್ರಿ? ಸಿಟ್ಟ ಬಂದು ಕಿವಿ ಹಿಂಡಿದೆ, ಈಗ ನನಗ ನಿದ್ದಿ ಬರವಲ್ದು. ಯಾರರ ಮಾಸ್ತರ್ರು, ಬಾಯಾರು ಇದ್ರ ದಾರಿ ತೋರಸ್ರಿ.

ಅಥಣಿ ಕಾಕಾ
12ರ ಮಟಾ ಮಗ್ಗಿ ಬಂದ್ರ ಅದೇನು ದೊಡ್ಡ ಮಾತು? ನಮ್ಮ ಕಾಲಕ್ಕ 30ರ ತನಕ ಬಾಯಿಪಾಠ, ಅದು ಮುಗದ ಮ್ಯಾಲ ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದೀಡಕಿ, ಅಂದ್ರ ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರಿ ಮಗ್ಗಿ. ದೀಪ ಹಚ್ಚೂ ಹೊತ್ತಿಗೆ ಕಟ್ಟಿ ಮ್ಯಾಲ ಸಾಲಾಗಿ ಕುಂದ್ರಸಿ ಒದರಸ್ತಿದ್ರು, ಒಬ್ಬಾಂವ ತಪ್ಪಿದ್ರ ಸಾಲಿಗೆಲ್ಲಾ ಏಟು. ಕಿವಿ ಹಿಂಡಿದ್ದು ತಪ್ಪೇನಿಲ್ಲ ತಮ್ಮಾ, ಸ್ವಲ್ಪ ತಡಾ ಆತು ಅಷ್ಟ.

ಸಿಂದಗಿ ಟೀಚರ್
ಕಾಕಾರ, ಹುಡುಗಿಗಿ ಮಗ್ಗಿ ಬರ್ತದ. ಮಗ್ಗಿ ಬಂದೂ ಲೆಕ್ಕ ತಪ್ಪಲಾಕತ್ಯಾಳ ಅಂದ್ರ ಬ್ಯಾನಿ ಬ್ಯಾರೆ ಕಡಿ ಅದ. ಬನಹಟ್ಟಿ ಸರ, ನಿಮ್ಮ ಮಗಳು ಒಂದು ಮಾತು ಹೇಳ್ಯಾಳಲ್ಲ, "ಇದು ರೂಪಾಯಿ ಲೆಕ್ಕ ಅಲ್ಲ, ಡಿವಿಜನ್ ಲೆಕ್ಕ" ಅಂತ, ರೋಗ ಅಲ್ಲೇ ಅದ ನೋಡ್ರಿ. ಅಕಿಗಿ ಭಾಗಾಕಾರ ಅಂದ್ರ ಹಂಚೂದು ಅಂತ ಯಾರೂ ಹೇಳಿಲ್ಲ. ಭಾಗಿಸು, ಗುಣಿಸು, ಕಳಿ, ಇಳಿಸು ಅಂತ ನಾಲ್ಕು ಹೆಜ್ಜಿ ಕುಣಿತ ಕಲಿಸ್ಯಾರ, ಒಂದು ಹೆಜ್ಜಿ ತಪ್ಪಿದ್ರ ಎಲ್ಲಿ ತಪ್ತು ಅಂತ ಅಕಿಗಿ ತಿಳಿಯೂದಿಲ್ಲ.

ನಾ ಹೆಂಗ ಮಾಡ್ತೀನಿ ಹೇಳ್ತೀನಿ. ವಹಿ ಮುಚ್ಚಿ ಇಡ್ರಿ. ನೂರರ 7 ನೋಟು, ಹತ್ತರ 4, ಒಂದರ 3 ತಗೋರಿ, ಖರೇ ನೋಟು ಇಲ್ಲಂದ್ರ ಚೀಟಿ ಮ್ಯಾಲ ಬರೀರಿ. ಒಟ್ಟು 743. ಐದು ಮಂದಿಗಿ ಹಂಚು ಅನ್ರಿ. ಹುಡುಗರು ತಾವೇ ದೊಡ್ಡ ನೋಟಿಂದ ಚಾಲೂ ಮಾಡ್ತಾವ, ಯಾರೂ ಹೇಳೂದು ಬ್ಯಾಡ. ನೂರರ ನೋಟು ಒಬ್ಬೊಬ್ಬರಿಗಿ ಒಂದು ಹೋತು, ಕೈಯಾಗ ಎರಡು ಉಳದ್ವು. ಎರಡು ನೋಟು ಐದು ಮಂದಿಗಿ ಹರದು ಕೊಡ್ಲಾಕ ಬರೂದಿಲ್ಲಲ್ಲ, ಏನ್ ಮಾಡ್ತೀ? "ಚಿಲ್ರಿ ಮಾಡಸ್ತೀನಿ ಟೀಚರ್." ಹಾಂ! ಎರಡು ನೂರು ಮುರಿಸಿದ್ರ ಹತ್ತರ ನೋಟು 20 ಬಂದ್ವು, ಮೊದಲ 4 ಇದ್ವು, ಕೂಡಿ 24. ಇಲ್ಲಿ ಹುಡುಗರಿಗಿ ತೋರಸ್ರಿ, ವಹ್ಯಾಗ 2ರ ಬಾಜೂಕ 4 ಇಳಿಸ್ಕೊಂಡ್ರ 24 ಆಗ್ತದಲ್ಲ, ಆ 24 ಅಂದ್ರ ಇದೇ ಇಪ್ಪತ್ನಾಕು ಹತ್ತರ ನೋಟು. ಇಳಿಸೂದು ಅಂದ್ರ ಮಂತ್ರ ಅಲ್ಲ, ಮುರಿಸಿದ ಚಿಲ್ರಿಗಿ ಇದ್ದ ಚಿಲ್ರಿ ಕೂಡಸೂದು. 24ರಾಗ ಒಬ್ಬೊಬ್ಬರಿಗಿ 4, ಮತ್ತ 4 ಉಳೀತಾವ, ಅವನ್ನ ಮುರಿಸಿದ್ರ 40, ಮೊದಲಿನ 3 ಕೂಡಿ 43. ಎಂಟೆಂಟು ಕೊಟ್ರ 40 ಹೋತು, 3 ಉಳೀತು. ಒಂದು ರೂಪಾಯಿ ಮುಂದ ಮುರಿಸ್ಲಾಕ ಬರೂದಿಲ್ಲ (ಐದನೇತ್ತೆ ಮಟ್ಟಿಗಿ!), ಅದಕ್ಕ ಅದು ಶೇಷ. 148, ಶೇಷ 3.

ಈಗ 618 ತಗೋರಿ. ನೂರರ ಆರು ನೋಟು ಆರು ಮಂದಿಗಿ ಒಂದೊಂದು. ಹತ್ತರ ನೋಟು ಒಂದೇ ಅದ, ಆರು ಮಂದಿ ಕೈ ಚಾಚ್ಯಾರ, ಯಾರಿಗೂ ಸಿಗೂದಿಲ್ಲ. ಹತ್ತರ ನೋಟು ಎಷ್ಟು ಸಿಕ್ತು ಅಂತ ಕೇಳ್ರಿ, "ಒಂದೂ ಇಲ್ಲ" ಅಂತಾಳ. ಒಂದೂ ಇಲ್ಲ ಅನ್ನೂದನ್ನ ಬರಿಯೂದು ಹೆಂಗ? ಸೊನ್ನಿ. ಆಮ್ಯಾಲ ಆ ಹತ್ತು ಮುರಿಸಿ 18 ಮಾಡಿ ಮೂರ್ಮೂರು. 103. ಒಮ್ಮೆ ಕೈಯಿಂದ ಹಂಚಿದ ಹುಡುಗಿ 13 ಅಂತ ಬರದ್ರೂ ತಾನೇ ನಾಲಿಗಿ ಕಚ್ಕೋತಾಳ.

ಟಂಟಂ ಮಾಲಕ
5 ಟಂಟಂ ಸಾಕ್ರೀ ಸರ. ಉಳದ 7 ಮಂದಿ ಸರದು ಕುಂದ್ರಸ್ತೀವಿ, ಇಬ್ರು ಡ್ರೈವರ್ ಬಾಜೂಕ. ನಮ್ಮ ಲೈನಿನ್ಯಾಗ ಶೇಷ ಅಂಬೂದು ಇಲ್ಲ.

ಶಹಾಪುರ ವೈನಿ
😂😂 ಆರ್‌ಟಿಓದವರು ಓದಿದ್ರ ನಿನ್ನ ಭಾಗಾಕಾರ ಆಗತೈತಿ.

ಸಿಂದಗಿ ಟೀಚರ್ ಹೇಳಿದ್ದು ಪಟ್ಟಂತ ತಿಳೀತು. ನಮ್ಮ ಮನ್ಯಾಗೂ ಇದ ಕತಿ. ಮಗಾ "ಡ್ಯಾಡ್, ಮದರ್, ಸಿಸ್ಟರ್, ಬ್ರದರ್" ಅಂತ ಹಾಡ್ಕೊಂತ ಮಾಡ್ತಾನ, ಡಿವೈಡ್, ಮಲ್ಟಿಪ್ಲೈ, ಸಬ್‌ಟ್ರ್ಯಾಕ್ಟ್, ಬ್ರಿಂಗ್ ಡೌನ್ ಅಂತ ಅದರ ಅರ್ಥ ಅಂತ. ಒಂದಿನ ಸಿಸ್ಟರ್ ಮರತು ಬ್ರದರ್‌ಗೆ ಹೋಗ್ಯಾನ, ಉತ್ತರ ಎಲ್ಲೆಲ್ಲೋ ಹೋಗೇತಿ, ಯಾಕಪಾ ಅಂದ್ರ "ಸಿಸ್ಟರ್ ಇಲ್ಲಲ್ಲ ಮಮ್ಮಿ ನನಗ" ಅಂದ. ಬಾಜೂ ಮನಿ ಆಯಿ ಮರಾಠಿ, ಅವ್ರ ಮೊಮ್ಮಗಳು ಮರಾಠಿ ಮೀಡಿಯಂ, ಅಲ್ಲಿ ಶೇಷಕ್ಕ ಬಾಕಿ ಅಂತಾರ. ಖರೇ ಹೇಳ್ಬೇಕಂದ್ರ ನನಗ ಬಾಕಿ ಅನ್ನೂದ ಚಲೋ ಅನಸ್ತೈತಿ, ಕಿರಾಣಿ ಅಂಗಡ್ಯಾಗ ಬಾಕಿ ಅಂದ್ರ ಹುಡುಗರಿಗೂ ಗೊತ್ತಿರತೈತಿ. ಶೇಷ ಅಂದ್ರ ನನ್ನ ಮಗಾ ಹಾವು ಅಂತಾನ.

ಅಥಣಿ ಕಾಕಾ
ಹಾವು ಅಂದ್ರೂ ತಪ್ಪಿಲ್ಲ. ಪ್ರಳಯದಾಗ ಎಲ್ಲಾ ಮುಳಗಿದ ಮ್ಯಾಲೂ ಉಳಕೊಂಡಾಂವ ಅಂತನ ಅವಂಗ ಶೇಷ ಅನ್ನೂದು. ನಮ್ಮವ್ವ ಹೇಳ್ತಿದ್ಲು. ಬಾಕಿ ಬ್ಯಾರೆ, ಬಾಕಿ ಅಂದ್ರ ಕೊಡೂದು ಐತಿ ಅಂದಂಗ.

ಮುಧೋಳ ಟು ಬೆಂಗಳೂರು
ಒಂದು ಮಾತು ಹೇಳಿದ್ರೆ ಎಲ್ರೂ ಬೈತೀರಿ ಗೊತ್ತು, ಆದ್ರೂ ಹೇಳ್ತೀನಿ. ಫೋನ್‌ನಾಗ ಕ್ಯಾಲ್ಕುಲೇಟರ್ ಇರೋ ಕಾಲದಾಗ ಇಷ್ಟೆಲ್ಲಾ ಗೋಳು ಯಾಕೆ? ನಾನು ಸಾಫ್ಟ್‌ವೇರ್‌ನಾಗ ಹದಿನೈದು ವರ್ಷ ಆಯ್ತು, ಒಂದು ದಿನಾನೂ ಪೇಪರ್ ಮೇಲೆ ಭಾಗಾಕಾರ ಮಾಡಿಲ್ಲ.

ಸಿಂದಗಿ ಟೀಚರ್
ಬೈಯೂದಿಲ್ಲ ಸರ, ಕ್ಯಾಲ್ಕುಲೇಟರ್‌ದಾಗ 743 ಭಾಗಿಸು 5 ಹೊಡೀರಿ. 148.6 ಬರ್ತದ. ಈಗ ಹೇಳ್ರಿ, ಆ 6 ಏನು? ನಮ್ಮ ಲೆಕ್ಕದಾಗ ಉಳದದ್ದು 3. ಹುಡುಗ "ಟೀಚರ್, ಶೇಷ 6" ಅಂತ ಬರದು ತರ್ತಾನ, ಏನ್ ಹೇಳ್ತೀರಿ?

ಮುಧೋಳ ಟು ಬೆಂಗಳೂರು
0.6 ಇಂಟು 5, ಮೂರು. ಓಕೆ ಟೀಚರ್, ಪಾಯಿಂಟ್ ನಿಮಗೆ. ಆಮೇಲೆ ನೆನಪಾಯ್ತು, ನಾವು ಕೋಡ್‌ನಾಗ ದಿನಾ ಬರೀ ಶೇಷಕ್ಕೇ ಒಂದು ಚಿಹ್ನೆ ಬಳಸ್ತೀವಿ, ಸಮನೋ ಬೆಸನೋ ನೋಡೋಕೆ ಎರಡ್ರಿಂದ ಭಾಗಿಸಿ ಶೇಷ ಮಾತ್ರ ನೋಡ್ತೀವಿ. ನನ್ನ ಮಾತು ವಾಪಸ್, ಅರ್ಧ.

ಬಿ.ಎಡ್. ಓದಾಕಿ
ಟಂಟಂ ಲೆಕ್ಕದ ಬಗ್ಗೆ ಹೇಳ್ಬೇಕು ಅನಸ್ತು, ಯಾಕಂದ್ರ ನಮ್ಮ ಪೇಪರ್‌ನ್ಯಾಗ ಇದ ವಿಷಯ ಬಂದಿತ್ತು. 1980ರ ದಶಕದ ಸುರೂನ್ಯಾಗ ಅಮೆರಿಕಾದಾಗ 13 ವರ್ಷದ ಹುಡುಗರಿಗೆ ರಾಷ್ಟ್ರಮಟ್ಟದ ಪರೀಕ್ಷಾದಾಗ ಒಂದು ಲೆಕ್ಕ ಕೊಟ್ಟಿದ್ರಂತ: 1128 ಸೈನಿಕರು, ಒಂದು ಬಸ್ಸಿಗೆ 36 ಮಂದಿ, ಎಷ್ಟು ಬಸ್ಸು ಬೇಕು? ಭಾಗಾಕಾರ ಬಾಳ ಮಂದಿ ಸರಿಯಾಗೇ ಮಾಡ್ಯಾರ, 31, ಶೇಷ 12. ಆದ್ರ 32 ಬಸ್ಸು ಅಂತ ಬರದವ್ರು ನಾಕನೇ ಒಂದು ಭಾಗನೂ ಇಲ್ಲ. ಉಳದವ್ರೊಳಗ ಭಾಳ ಮಂದಿ "31 ಶೇಷ 12" ಅಂತನ ಬರದು ಇಟ್ಟಾರ. ಬನಹಟ್ಟಿ ಸರ, ನಿಮ್ಮ ಮಗಳು ಒಬ್ಬಾಕಿ ಅಲ್ಲ, 5 ಆರ್ 7 ಟಂಟಂ ಜಗತ್ತಿನ ತುಂಬಾ ಓಡ್ಯಾಡ್ತಾವ.

ಇನ್ನ ನಮ್ಮ ದೇಶದ ಅಸರ್ ಸಮೀಕ್ಷಾ 2005ರಿಂದ ಹಳ್ಳಿ ಮನಿ ಮನಿಗೆ ಹೋಗಿ ಹುಡುಗರನ್ನ ಪರೀಕ್ಷಾ ಮಾಡ್ತಾರಲ್ಲ, ಅದರ ಗಣಿತದ ಕಡೀ ಮೆಟ್ಲ ಯಾವುದು ಗೊತ್ತೇನ್ರಿ? ಮೂರಂಕಿಗೆ ಒಂದಂಕಿಯಿಂದ ಶೇಷ ಬರೂ ಭಾಗಾಕಾರ. ಇದ ಲೆಕ್ಕ. ಅಂದ್ರ ಇದು ಬಂದ್ರ ಕೂಡಸೂದು, ಕಳಿಯೂದು, ಮಗ್ಗಿ, ಸ್ಥಾನಬೆಲಿ ಎಲ್ಲಾ ಬಂದಂಗ, ಒಂದು ಸಡಲಿದ್ರ ಇದು ಬೀಳತೈತಿ.

ಗುಳೇದಗುಡ್ಡ ಟೇಲರ್
ನಾ ಸಾಲಿ ಕಲ್ತದ್ದು ಏಳನೇತ್ತೆ ಅಷ್ಟ, ಆದ್ರ ಶೇಷದಾಗ ಹೊಟ್ಟಿ ತುಂಬ್ಕೊಂಡಾಂವ. 10 ಮೀಟರ್ ಬಟ್ಟಿ ಐತಿ, ಒಂದು ಕುಬ್ಸಕ್ಕ 80 ಸೆಂಟಿಮೀಟರ್. 12 ಕುಬ್ಸ ಆಕ್ಕಾವು, 40 ಸೆಂಟಿಮೀಟರ್ ಉಳೀತೈತಿ. ಇಲ್ಲಿ ಟಂಟಂದಂಗ 13 ಅಂತ ಹೇಳಾಕ ಬರಂಗಿಲ್ಲ, ಹದಿಮೂರನೇ ಕುಬ್ಸ ಯಾರ ಹಾಕ್ಕೊಂತಾರ, ಅರ್ಧಾ? 12 ಅಂದ್ರ 12. ತುಂಡು ಒಗಿಯಂಗಿಲ್ಲ, ನಮ್ಮವ್ವ ಕೌದಿಗೆ ಇಟ್ಕೊಂತಾಳ. ಅಕಿ ಕೌದಿ ಪೂರಾ ಶೇಷನ.

ಬನಹಟ್ಟಿ ಪಪ್ಪಾ
ಟೇಲರ್ ಅಣ್ಣಾರ, ಈ ಮಾತು ಬರಕೊಂಡೆ. ಟಂಟಂದಾಗ ಒಂದು ಏರಸೂದು, ಕುಬ್ಸದಾಗ ಬಿಡೂದು. ಲೆಕ್ಕ ಒಂದ, ಉತ್ತರ ಬ್ಯಾರೆ. ಅದನ್ನ ಹುಡುಗಿಗೆ ಹೆಂಗ ಹೇಳ್ಲಿ, ಯಾವಾಗ ಏರಸಬೇಕು ಯಾವಾಗ ಬಿಡಬೇಕು ಅಂತ ನಿಯಮ ಕೇಳ್ತಾಳಲ್ಲ ಅಕಿ?

ಇಂಡಿ ಲಿಂಬಿ
ನಿಯಮ ಹೇಳಬ್ಯಾಡ್ರಿ ಅಣ್ಣಾ, ಹೇಳಿದ್ರ ಅದನ್ನೂ ಬಾಯಿಪಾಠ ಮಾಡ್ತದ. ಉತ್ತರ ಬರದ ಮ್ಯಾಲ ಕಣ್ಣು ಮುಚ್ಚಿ ಟಂಟಂ ನೋಡು ಅನ್ರಿ, ಆ 7 ಹುಡುಗರು ಎಲ್ಲಿ ನಿಂತಾರ ಅಂತ ಕೇಳ್ರಿ. "ಸಾಲಿ ಮುಂದ ಬಿಸಲಾಗ ನಿಂತಾರ" ಅಂದ್ರ ಉತ್ತರ ಬಂತು.

ಇನ್ನೊಂದು ತರಾನೂ ಅದ ನೋಡ್ರಿ, ಭಾಗಲಬ್ಧ ಒಗದು ಶೇಷನ ಇಟ್ಕೊಳ್ಳೂದು. ನಮ್ಮ ಹುಡುಗಗ ನಾ ಕೇಳ್ತಿರ್ತೀನಿ, ಇವತ್ತ ಸೋಮವಾರ, ನೂರು ದಿನಕ್ಕ ಯಾವ ವಾರ? ಏಳರಿಂದ ಭಾಗಿಸಿದ್ರ 14, ಶೇಷ 2. 14 ವಾರ ನಮಗೇನ್ ಕೆಲಸಿಲ್ಲ, ಶೇಷ 2 ಬೇಕು, ಸೋಮವಾರ ಆದ ಮ್ಯಾಲ ಎರಡು, ಬುಧವಾರ. ವರ್ಷದ 365 ದಿನ ಏಳರಿಂದ ಹೋದ್ರ 52, ಶೇಷ 1. ಅದಕ್ಕ ಹುಟ್ಟಿದ ದಿನ ಈ ವರ್ಷ ಸೋಮವಾರ ಬಂದ್ರ ಬರೂ ವರ್ಷ ಮಂಗಳವಾರ, ನಡಕ ಫೆಬ್ರವರಿ 29 ಬಂದ್ರ ಬುಧವಾರ. ಇದು ಗೊತ್ತಾದ ದಿನ ನನ್ನ ಮಗ ಕ್ಯಾಲೆಂಡರ್ ಗ್ವಾಡಿಯಿಂದ ಕಿತ್ತು ತಂದಿದ್ದ, ಖರೇ ಅದನೋ ಇಲ್ಲೋ ನೋಡ್ಲಾಕ.

ಬೆಳಗಾವಿ ಲೆಕ್ಚರರ್
ಚರ್ಚಾ ಚೆನ್ನಾಗಿ ನಡದದ. ಆದ್ರ ಒಂದು ಮುಖ್ಯ ತಪ್ಪು ಯಾರೂ ಹೇಳಲಿಲ್ಲ. 7 ಭಾಗಿಸು 2, ಸಮ ಚಿಹ್ನಿ ಹಾಕಿ 3 ಶೇಷ 1 ಅಂತ ಬರೀತೀರಿ. 10 ಭಾಗಿಸು 3, ಸಮ ಚಿಹ್ನಿ, 3 ಶೇಷ 1. ಎರಡೂ ಕಡೆ ಉತ್ತರ ಒಂದ. ಹಂಗಾರ 7ರ ಅರ್ಧ ಮತ್ತು 10ರ ಮೂರನೇ ಭಾಗ ಎರಡೂ ಸಮ ಅಂದಂಗಾತು. ಒಂದು ಮೂರೂವರಿ, ಇನ್ನೊಂದು ಮೂರು ಚಿಲ್ಲರ. ಶೇಷದ ಲೆಕ್ಕಕ್ಕ ಸಮ ಚಿಹ್ನಿ ಹಾಕಬಾರದು. 7 = 2 × 3 + 1 ಅಂತ ಬರೀಬೇಕು.

ಶಹಾಪುರ ವೈನಿ
ಸರ ನಮ್ಮ ಹುಡುಗರಿಗೆ 7ರಾಗ 2 ಎಷ್ಟು ಸಲ ಹೋಕ್ಕೈತಿ ಅನ್ನೂದು ಬಂದ್ರ ಸಾಕಾಗೇತಿ.

ಸಿಂದಗಿ ಟೀಚರ್
ಇಲ್ಲ ವೈನಿ, ಲೆಕ್ಚರರ್ ಸರ ಹೇಳಿದ್ದು ಒಂದು ಕಡಿ ಉಪಯೋಗ ಅದ. ಸಮ ಚಿಹ್ನಿ ಜಗಳ ಬಿಡ್ರಿ, ಆದ್ರ ಆ ಕಡೀ ಸಾಲಿದೆಯಲ್ಲ, ಭಾಜಕ ಗುಣಿಸು ಭಾಗಲಬ್ಧ, ಕೂಡಿಸು ಶೇಷ, ಬಂದದ್ದು ಭಾಜ್ಯ, ಅದು ತಾಳೆ ನೋಡೂ ದಾರಿ. 6 × 13 ಮಾಡಿದ್ರ 78 ಬರ್ತದ, 618 ಎಲ್ಲಿ 78 ಎಲ್ಲಿ, ಹುಡುಗಿಗಿ ತಾನೇ ಗೊತ್ತಾಗ್ತದ. ನೀವು ತಪ್ಪು ಅನ್ನೂಕಿಂತ ಅಕಿನೇ ತಪ್ಪು ಹಿಡದ್ರ ಅಳೂದಿಲ್ಲ. ಆದ್ರ ನೆನಪಿಡ್ರಿ, 59ರಾಗ 7 ಸಲ ಹೋಗಿ ಶೇಷ 10 ಅಂದಿದ್ಳಲ್ಲ, ಅದು ತಾಳೇದಾಗ ಸಿಕ್ಕು ಬೀಳೂದಿಲ್ಲ! 7 × 7 + 10 ಅಂದ್ರ 59 ಬರೋಬ್ಬರಿ ಬರ್ತದ. ಅದಕ್ಕ ಎರಡನೇ ಕಾವಲು ಬೇಕು: ಶೇಷ ಭಾಜಕಕ್ಕಿಂತ ಸಣ್ಣದು ಇರಬೇಕು. ನಾ ಸಾಲ್ಯಾಗ ಹೇಳೂದು, ಏಳು ಮಂದಿ ಕುಂತಾರ, ಬುಟ್ಟ್ಯಾಗ 10 ಬಾಳಿಹಣ್ಣು ಉಳದಾವ, ಊಟ ಮುಗೀತು ಅಂತ ಎಬ್ಬಸ್ತೀಯೇನು? "ಇಲ್ರೀ ಟೀಚರ್, ಇನ್ನೊಂದೊಂದು ಹಾಕ್ತೀನಿ." ಆತು, 8, ಶೇಷ 3.

ಮುಧೋಳ ಟು ಬೆಂಗಳೂರು
ಅಯ್ಯೋ, ತಾಳೆ ಹೊಂದಿದ್ರೂ ತಪ್ಪು ಇರ್ತದೆ ಅಂತ ಇವತ್ತೇ ಗೊತ್ತಾಗಿದ್ದು. ನಲವತ್ತು ವರ್ಷ ದಾಟಿದೆ ನನಗೆ.

ವಿಜಯಪುರ ಹುಡುಗ
ಭಾಸ್ಕರಾಚಾರ್ಯರು ನಮ್ಮ ಊರವ್ರು. ಅವರ ಊರವ್ರಾಗಿ ನಾವು ಭಾಗಾಕಾರಕ್ಕ ಅಳ್ಲಾಕತ್ತೀವಿ, ನಾಚಿಕಿ ಬರ್ಬೇಕು.

ಬೆಳಗಾವಿ ಲೆಕ್ಚರರ್
ತಮ್ಮಾ, ಅವಸರ ಬ್ಯಾಡ. ಹುಟ್ಟಿದ್ದು 1114, ದೊಡ್ಡ ಗ್ರಂಥ ಬರದದ್ದು 1150, 36ನೇ ವಯಸ್ಸಿನ್ಯಾಗ, ಇದು ಅವ್ರೇ ಬರದಾರ. ಊರಿನ ಹೆಸರು ವಿಜ್ಜಡವಿಡ ಅಂತ ಅದ. ಅದು ವಿಜಯಪುರ ಅಂತ ಕೆಲವರ ವಾದ, ಮಹಾರಾಷ್ಟ್ರದ ಚಾಳೀಸಗಾಂವ ಬಾಜೂಕ ಅಂತ ಇನ್ನ ಕೆಲವರ ವಾದ, ಅಲ್ಲಿ ಪಾಟಣದಾಗ ಅವರ ವಂಶದ ಶಾಸನ ಸಿಕ್ಕದ. ಇತ್ಯರ್ಥ ಆಗಿಲ್ಲ.

ವಿಜಯಪುರ ಹುಡುಗ
ಹೆಸರಿನ್ಯಾಗೇ ವಿಜ್ಜ ಅದ ಸರ, ಬಿಜ್ಜ, ಬಿಜಾಪುರ. ಇನ್ನೇನು ಬೇಕು?

ಅಥಣಿ ಕಾಕಾ
ಊರು ಯಾವುದರ ಇರ್ಲಿ, ಅಂವಾ ಭಾಗಾಕಾರ ಹೆಂಗ ಮಾಡ್ತಿದ್ದ ಅದನ್ನ ಹೇಳ್ರಿ.

ಬೆಳಗಾವಿ ಲೆಕ್ಚರರ್
ಇದು ಚಲೋ ಪ್ರಶ್ನೆ ಕಾಕಾ. ಭಾಜಕಾನ ಎಷ್ಟರಿಂದ ಗುಣಿಸಿದ್ರ ಭಾಜ್ಯದ ತುದೀ ಅಂಕಿಯಿಂದ ಕಳೀಲಿಕ್ಕೆ ಬರ್ತದೋ ಅದ ಫಲ ಅಂತ ಅವರ ಸೂತ್ರ. ತುದಿ ಅಂದ್ರ ದೊಡ್ಡ ಸ್ಥಾನದ ಕಡೆಯಿಂದ. ನಮ್ಮ ಸಿಂದಗಿ ಟೀಚರ್ ಹುಡುಗರು ನೂರರ ನೋಟಿಂದ ಚಾಲೂ ಮಾಡಿದ್ರಲ್ಲ, ಅದ. ಆಗ ಧೂಳ ಹಾಕಿದ ಹಲಗಿ ಮ್ಯಾಲ ಬೆರಳಿಂದ ಬರದು, ಕಳದಂಗ ಅಂಕಿ ಅಳಿಸಿ ಹೊಸದು ಬರೀತಿದ್ರು, ಅದಕ್ಕ ಮೆಟ್ಲ ಮೆಟ್ಲ ಕೆಳಗ ಇಳಿಯೂ ಪ್ರಶ್ನೆ ಇರಲಿಲ್ಲ. ಈಗ ನಾವು ವಹ್ಯಾಗ ಮಾಡೂ ಇಳಿಸ್ಕೊಳ್ಳೂ ಪದ್ಧತಿ ಅಚ್ಚಾಗಿ ಬಂದದ್ದು 1491ರಾಗ, ಇಟಲಿಯ ಫ್ಲಾರೆನ್ಸ್‌ನಾಗ. ಕಾಗದದ ಮ್ಯಾಲ ಅಳಸ್ಲಿಕ್ಕೆ ಬರೂದಿಲ್ಲಲ್ಲ, ಅದಕ್ಕ ಕೆಳಗ ಕೆಳಗ ಬರಿಯೂದು ಆತು.

ಬನಹಟ್ಟಿ ಪಪ್ಪಾ
ಹಂಗಾರ ಮಗಳಿಗೆ ಹೇಳ್ತೀನಿ, ನಂದು ಓಲ್ಡ್ ಮೆಥಡ್ ಆದ್ರ ನಿಂದೂ 1491ರದ್ದು ಅಂತ 😄 ಆದ್ರ ಮ್ಯಾಲ ಬರೀಬೇಕೋ ಬಲಕ್ಕ ಬರೀಬೇಕೋ ಅದು ಇನ್ನೂ ಉಳೀತು.

ಸಿಂದಗಿ ಟೀಚರ್
ಮ್ಯಾಲ ಬರೀಲಿ ಸರ, ಹಠ ಹಿಡೀಬ್ಯಾಡ್ರಿ. ನಾ ಕನ್ನಡ ಸಾಲಿ ಟೀಚರ್ ಇದ್ದೂ ಹೇಳ್ತೀನಿ, ಸೊನ್ನಿ ನುಂಗೂ ಹುಡುಗರಿಗಿ ಮ್ಯಾಲ ಬರಿಯೂದೇ ಚಲೋ. 6ರ ತಲಿ ಮ್ಯಾಲ 1, 1ರ ತಲಿ ಮ್ಯಾಲ 0, 8ರ ತಲಿ ಮ್ಯಾಲ 3. ಒಂದು ತಲಿ ಖಾಲಿ ಉಳದ್ರ ಕಣ್ಣಿಗಿ ಹೊಡೀತದ. ಬಲಕ್ಕ ಬರಿಯೂರು ಇದ್ರ ಚಾಲೂ ಮಾಡೂ ಮೊದಲ ಚುಕ್ಕಿ ಇಡಸ್ರಿ. 6, ಆರು ನೂರರಾಗ ಹೋಗ್ತದೇನು? ಹೋಗ್ತದ. ಹಂಗಾರ ಉತ್ತರಕ್ಕ ಮೂರು ಮನಿ, ಮೂರು ಚುಕ್ಕಿ ಇಡು. 13 ಬರದ್ರ ಒಂದು ಚುಕ್ಕಿ ಅನಾಥ ಉಳೀತದ. ವಹಿ ಚೌಕಳಿದ್ದು ಕೊಡಸ್ರಿ, ಒಂದು ಚೌಕಕ್ಕ ಒಂದೇ ಅಂಕಿ. ಅರ್ಧ ತಪ್ಪು ಅಂಕಿ ಓರಿ ಆಗಿದ್ದಕ್ಕೇ ಬರ್ತಾವ, ತಿಳವಳಿಕಿಗಲ್ಲ.

ನಮ್ಮ ಸಾಲ್ಯಾಗ ಗಣಿತ ಕಲಿಕಾ ಆಂದೋಲನದ ಪೆಟಗಿ ಅದ, ಬಿಡಿ, ಹತ್ತು, ನೂರರ ಬ್ಲಾಕು ಎಲ್ಲಾ ಅದಾವ. ಖರೇ ಹೇಳ್ತೀನಿ, ಭಾಳ ಕಡೆ ಆ ಪೆಟಗಿ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟಿರ್ತಾರ, ಹುಡುಗರು ಕಳಿತಾವ ಅಂತ. ಕಳೀಲಿ ಬಿಡ್ರಿ, ಅದು ಇರೂದೇ ಅದಕ್ಕ.

ರಾಮದುರ್ಗ ಅವ್ವ
ನನ್ನದು ಸಣ್ಣ ಪ್ರಶ್ನಾ ಐತ್ರಿ ಬಾಯಾರ. ನಮ್ಮ ಹುಡಗ ಒಂದಂಕಿದು ಮಾಡ್ತಾನ, ಭಾಜಕ ಎರಡಂಕಿ ಆತಂದ್ರ ಕೈ ಎತ್ತತಾನ. 157ರಾಗ 23. 23ರ ಮಗ್ಗಿ ಬರಂಗಿಲ್ಲಲ್ಲ.

ಅಥಣಿ ಕಾಕಾ
ನಾ ಹೇಳಿದ್ನಲ್ಲ, 30ರ ತನಕ!

ಸಿಂದಗಿ ಟೀಚರ್
ಕಾಕಾ ಗೆದ್ರಿ ಇಲ್ಲಿ, ಒಪ್ಪಕೋತೀನಿ 🙏 ಆದ್ರ 47ರಿಂದ ಭಾಗಿಸು ಅಂದ್ರ ನೀವೂ ಸಿಗೂದಿಲ್ಲ. ಅವ್ವಾರ, 23ಕ್ಕ ಹತ್ರದ ದುಂಡಂಕಿ 20. 157ರಾಗ 20 ಎಷ್ಟು ಸಲ? 15ರಾಗ 2 ಹೋದಂಗ, ಏಳು ಸಲ. 23 ಏಳ್ಲೆ ಮಾಡಿ ನೋಡ್ಲಿ, 161 ಬಂತು, 157 ದಾಟ್ತು. ದಾಟಿದ್ರ ಒಂದು ಇಳಿ, ಆರು. 138. ಕಳದ್ರ 19, ಅದು 23ಕ್ಕಿಂತ ಸಣ್ಣದು, ಮುಗೀತು. ಹುಡುಗರಿಗಿ ಇಲ್ಲಿ ತೊಂದರಿ ಲೆಕ್ಕದ್ದಲ್ಲ, ಅಂಜಿಕಿದು. ಮೊದಲ ಸಲ ಹಿಡದ ಅಂಕಿ ತಪ್ಪಿದ್ರ ನಾ ದಡ್ಡ ಅಂತ ಕುಂದ್ರತಾವ. ಊಹಿಸಿ ನೋಡಿ ತಿದ್ದೂದೇ ಇದರ ದಾರಿ ಅಂತ ಮೊದಲೇ ಹೇಳ್ರಿ, ಬಾಜೂಕ ಕಚ್ಚಾ ಕಾಗದ ಇಡ್ರಿ. ರಬ್ಬರ್ ಕೊಡಬ್ಯಾಡ್ರಿ.

ಗುಳೇದಗುಡ್ಡ ಟೇಲರ್
ಬಟ್ಟಿ ಕತ್ತರಸೂ ಮೊದಲ ನಾವೂ ಗೇಣ ಹಾಕಿ ನೋಡ್ತೀವಿ. ಬಾಯಾರು ಹೇಳಿದ್ದು ಬರೋಬ್ಬರಿ.

ಟಂಟಂ ಮಾಲಕ
ಬದಾಮಿ ಟ್ರಿಪ್ ಖರೇನ ಐತೇನ್ರಿ? 6 ಗಾಡಿ ನಾನ ಹೊಂದಸ್ತೀನಿ, ಕಾಯ್ದೆಸಿರ.

ಶಹಾಪುರ ವೈನಿ
ಆವಾಗ 5 ಅಂತಿದ್ದಿ, ಈಗ 6!

ಟಂಟಂ ಮಾಲಕ
ಭಾಡಿ ಸಿಗತೈತಿ ಅಂದ್ರ ಶೇಷ ಬಿಡಾಕ ಬರತೈತೇನ್ರೀ ವೈನಿ.

ಬನಹಟ್ಟಿ ಪಪ್ಪಾ
ಎಲ್ಲಾರಿಗೂ ಶರಣು. ನಿನ್ನೆ ಸಂಜಿಮುಂದ ಮಗ್ಗಾ ಬಂದ್ ಮಾಡಿ ಬಂದು ಟೀಚರ್ ಹೇಳಿದಂಗ ಮಾಡಿದೆ. ಕಿವಿ ಹಿಂಡಿದ್ದಕ್ಕ ಮೊದಲ ಸಾರಿ ಕೇಳಿದೆ, "ಇಟ್ಸ್ ಓಕೆ" ಅಂದ್ಲು ಮಾರಿ ನೋಡ್ದ. ನೆಲದ ಮ್ಯಾಲ ಐದು ತಾಟು ಇಟ್ಟೆ. ನೂರರ 7 ನೋಟು ನನ್ನ ಕಿಸೇದ್ದು. ಹತ್ತರ ನೋಟು ಎಲ್ಲಿಂದ ತರೂದು ಅಂತ ನೋಡ್ತಿದ್ರ ನಮ್ಮನಿಯಾಕಿ ಅಡಗಿ ಮನಿಗೆ ಹೋಗಿ ಸಾಸಿವಿ ಡಬ್ಬಿ ತಂದ್ಲು. ಅದರಾಗ ಹತ್ತರ ನೋಟಿನ ಸಿಂಬಿ, ಇಪ್ಪತ್ನಾಕೇನು ನಾಲವತ್ತು ಇರಬೇಕು. ಇಷ್ಟು ದಿನ ಹೊಸ ಕುಕ್ಕರಿಗೆ ರೊಕ್ಕ ಇಲ್ಲ ಅಂತಿದ್ಲು, ಇರ್ಲಿ ಅದು ಬ್ಯಾರೆ ಚರ್ಚಾ. ಒಂದು ರೂಪಾಯಿಗೆ ಹುಣಚಿಬೀಜ. ಅವ್ವ ಬ್ಯಾಂಕು, ಮಗಳು ಹಂಚಾಕಿ.

ನೂರರ ನೋಟು ಎರಡು ಉಳದಾಗ ಸ್ವಲ್ಪ ಹೊತ್ತು ಸುಮ್ನ ಕುಂತ್ಲು. ನಾ ಬಾಯಿ ಬಿಡಲಿಲ್ಲ, ಭಾಳ ಕಷ್ಟ ಆತು ಖರೆ. ಆಮ್ಯಾಲ ಎದ್ದು ಅವ್ವನ ಕಡೆ ಹೋಗಿ "ಚಿಲ್ರಿ ಕೊಡ್ರಿ ಮೇಡಂ" ಅಂದ್ಲು. ಹತ್ತರ ನೋಟು ಎಣಿಸಿ ಎಣಿಸಿ 24 ಬಂದಾಗ ಒಮ್ಮೆಲೆ ವಹಿ ತಗದು ನೋಡಿದ್ಲು, "ಪಪ್ಪಾ, ಬ್ರಿಂಗ್ ಡೌನ್ ಅಂದ್ರ ಇದಾ?" ಅಂದ್ಲು. ಆ ಮಾರಿ ನೀವು ನೋಡಬೇಕಿತ್ತು. ಕಡೀಕ ಮೂರು ಹುಣಚಿಬೀಜ ಉಳದ್ವು, ಅವನ್ನ ಯಾರ ತಾಟಿಗೂ ಹಾಕದ ಬಾಜೂಕ ಇಟ್ಟು "ಇವು 5ಕ್ಕಿಂತ ಸಣ್ಣು, ಅದಕ್ಕ ಉಳೀಲಿ" ಅಂದ್ಲು. 618 ಕೊಟ್ಟೆ, 103. ಟಂಟಂ ಕೊಟ್ಟೆ, 6 ಅಂತ ಬರದು ಬಾಜೂಕ ಸಣ್ಣಗ "ಲಾಸ್ಟ್ ಟಂಟಂದಾಗ ಒಂದು ಸೀಟ್ ಖಾಲಿ, ಟೀಚರ್ ಕುಂದರ್ತಾರ" ಅಂತ ಬರದಾಳ. ನಾ ಇದನ್ನ ಕೇಳೇ ಇರಲಿಲ್ಲ.

ಇವತ್ತ ಸಾಲ್ಯಾಗ ಏನಾತು ಅಂದ್ರ ಹತ್ತರಾಗ ಎಂಟು ಸರಿ. ಎರಡು ತಪ್ಪಿದ್ದು ಕಳಿಯೂದ್ರಾಗ, ಭಾಗಾಕಾರದಾಗ ಅಲ್ಲ. ಖುಷಿಗೆ ಕರದಂಟು ತಂದಿದ್ದೆ, 7 ತುಂಡು. ಮನ್ಯಾಗ ನಾಲ್ಕು ಮಂದಿ. ಒಬ್ಬೊಬ್ಬರಿಗೆ ಒಂದೊಂದು ಹಂಚಿ, ಉಳದ 3 ತನ್ನ ಮುಂದ ಎಳಕೊಂಡು "ಮೂರು ನಾಕಕ್ಕಿಂತ ಸಣ್ಣು ಪಪ್ಪಾ, ಲೆಕ್ಕ ಕರೆಕ್ಟ್ ಐತಿ" ಅಂದ್ಲು. ಯಾರೂ ಏನೂ ಅನ್ನಾಕ ಆಗಲಿಲ್ಲ.

ಅಥಣಿ ಕಾಕಾ
ಶಾಣ್ಯಾ ಹುಡುಗಿ. ಈಗ 13ರ ಮಗ್ಗಿ ಚಾಲೂ ಮಾಡಸು.

ವಿಜಯಪುರ ಹುಡುಗ
ಕರದಂಟು ಯಾವುದ್ರಿ, ಗೋಕಾಕದ್ದೋ ಅಮೀನಗಡದ್ದೋ?

ಬನಹಟ್ಟಿ ಪಪ್ಪಾ
ಅಮೀನಗಡದ್ದು.

ಶಹಾಪುರ ವೈನಿ
ಅಲ್ಲರೀ, ಗೋಕಾಕ ಇರಬೇಕಾದ್ರ ಅಮೀನಗಡದ್ದು ಯಾಕ ತಂದ್ರಿ?